ಹಳಸು, ಕಮಟು, ಬೂಷ್ಟು: ಮಧ್ಯಕಾಲೀನ ಪಾಕಗ್ರಂಥಗಳಲ್ಲಿ ಆಹಾರರಕ್ಷಣೆ ಮತ್ತು ಸಸ್ಯದ್ರವ್ಯಗಳು

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಪಾಕಶಾಸ್ತ್ರಕ್ಕೆ ಸಂಬಂಧಿಸಿದ ಬರವಣಿಗೆ ಪ್ರಮಾಣದಲ್ಲಿ ಹೆಚ್ಚಿಲ್ಲವಾದರೂ ಕಾಲವ್ಯಾಪ್ತಿಯಲ್ಲಿ ಕಡಮೆಯದೇನೂ ಅಲ್ಲ. ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ (ಸು. 1025) ಸೂಪಶಾಸ್ತ್ರಕ್ಕೆ ಒಂದು ಭಾಗವೇ ಮೀಸಲಾಗಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣ, ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ', ಹದಿನೆಂಟನೆಯ ಶತಮಾನದ ಮೊದಲ ದಶಕಕ್ಕೆ ಸೇರುವ ಕೆಳದಿ ಬಸವಭೂಪಾಲನ 'ಶಿವತತ್ತ್ವರತ್ನಾಕರ' ಇವು ಈ ಸಾಲಿನ ಮುಖ್ಯ ಕೃತಿಗಳು. ಹೊರನಾಡಿನ ಸಂಶೋಧಕರಾದ ನಮಗೆ ಇಲ್ಲೊಂದು ಸಮಾಧಾನವೂ ಉಂಟು. 'ಲೋಕೋಪಕಾರ' ಅಚ್ಚಾದದ್ದು ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಿಂದ, 1950ರಲ್ಲಿ. ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಪ್ರತಿಷ್ಠಾನದಿಂದ, 2006ರಲ್ಲಿ. ವಿಷವೈದ್ಯವನ್ನು ಕುರಿತ ಮಂಗರಾಜನ 'ಖಗೇಂದ್ರಮಣಿದರ್ಪಣ'ವೂ ಮದ್ರಾಸ್ ವಿಶ್ವವಿದ್ಯಾಲಯದ ಮೂಲಕವೇ 1942ರಲ್ಲಿ ಬೆಳಕು ಕಂಡಿತು.

ಈಚಿನ ವರ್ಷಗಳಲ್ಲಿ ವಿಚಾರಸಂಕಿರಣಗಳಲ್ಲಿಯೂ ಸಂಶೋಧನ ಯೋಜನೆಗಳ ಪ್ರಸ್ತಾವನೆಗಳಲ್ಲಿಯೂ ಒಂದು ವಾಕ್ಯ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ನಮ್ಮ ಪೂರ್ವಿಕರು ಮೆಣಸು, ಅರಿಸಿನ, ಜೀರಿಗೆ, ಇಂಗುಗಳನ್ನು ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳ ನಿವಾರಣೆಗಾಗಿ ಬಳಸುತ್ತಿದ್ದರೆಂದೂ ಈ ಗ್ರಂಥಗಳು ಅದಕ್ಕೆ ಸಾಕ್ಷಿಯೆಂದೂ ಆ ವಾಕ್ಯದ ಸಾರ. ಸಸ್ಯಜನ್ಯ ಪದಾರ್ಥಗಳಿಗೆ ಸೂಕ್ಷ್ಮಜೀವಿರೋಧಕ ಶಕ್ತಿ ಇದೆಯೆಂಬುದು ಪ್ರಯೋಗಾಲಯಗಳಲ್ಲಿ ಸಿದ್ಧಪಟ್ಟ ವಿಷಯ, ಅದರಲ್ಲಿ ವಿವಾದವಿಲ್ಲ. ಗ್ರಂಥಗಳು ಅದನ್ನು ಹೇಳುತ್ತವೆಯೇ, ಹೇಳುವುದಾದರೆ ಎಲ್ಲಿ, ಯಾವ ಮಾತಿನಲ್ಲಿ ಎಂಬುದು ಬೇರೆ ಪ್ರಶ್ನೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬೆಳೆಯುತ್ತಿರುವುದರಿಂದ ಗ್ರಂಥಪಾಠದ ಶಿಸ್ತಿಗೂ ಹಾನಿ, ಆಹಾರದ ಸುರಕ್ಷೆಗೂ ಹಾನಿ ಎಂಬುದು ನಮ್ಮ ಅಭಿಪ್ರಾಯ. ಪ್ರಸ್ತುತ ಲೇಖನದಲ್ಲಿ ಅದನ್ನೇ ತುಸು ವಿವರವಾಗಿ ಪರಿಶೀಲಿಸಲಾಗಿದೆ.

ಗ್ರಂಥಗಳಿಗಿಂತ ಮೊದಲು ಮಾತುಗಳನ್ನು ನೋಡುವುದು ಲೇಸು. ಆಹಾರ ಕೆಡುವುದಕ್ಕೆ ಕನ್ನಡದಲ್ಲಿ ಒಂದೇ ಶಬ್ದವಿಲ್ಲ. ಬೇಯಿಸಿದ ಅನ್ನ, ಸಾರು, ಪಲ್ಯ ಹಳಸುತ್ತದೆ. ಎಣ್ಣೆ, ತುಪ್ಪ, ಕೊಬ್ಬರಿ ಹಳಸುವುದಿಲ್ಲ, ಕಮಟು ಹಿಡಿಯುತ್ತದೆ. ರೊಟ್ಟಿ, ಹಪ್ಪಳ, ಉಪ್ಪಿನಕಾಯಿಗಳಿಗೆ ಬೂಷ್ಟು ಬರುತ್ತದೆ. ತೇವ ತಗುಲಿದ ಧಾನ್ಯ ಮುಗ್ಗುತ್ತದೆ. ಒಣಗಿದ ಕಾಳಿಗೆ ನುಸಿ ಹಿಡಿಯುತ್ತದೆ. ಇಂದಿನ ಆಹಾರವಿಜ್ಞಾನ ಬ್ಯಾಕ್ಟೀರಿಯಾಗಳ ಕೆಲಸ, ಕೊಬ್ಬಿನ ಆಕ್ಸಿಡೀಕರಣ, ಶಿಲೀಂಧ್ರ, ಕೀಟ ಎಂದು ಬೇರ್ಪಡಿಸುವ ಪ್ರಕ್ರಿಯೆಗಳಿಗೆ ಈ ಶಬ್ದಗಳು ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ ಎಂಬುದು ಗಮನಾರ್ಹ. ಕಾರಣಗಳು ಬೇರೆಯಾದುದರಿಂದ ಪರಿಹಾರಗಳೂ ಬೇರೆ. ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುವುದು ಕಮಟಿಗೆ ಎದುರಾದ ಉಪಾಯ. ಎಲೆಯಲ್ಲಿರುವ ಫಿನಾಲ್ ಜಾತಿಯ ಪದಾರ್ಥಗಳು ಕೊಬ್ಬಿನ ಆಕ್ಸಿಡೀಕರಣವನ್ನು ನಿಧಾನಗೊಳಿಸುತ್ತವೆ. ಕಣಜದಲ್ಲಿ ಬೇವಿನ ಸೊಪ್ಪು ಹಾಸುವುದು ನುಸಿಗೆ. ಇವೆರಡನ್ನೂ ಸೂಕ್ಷ್ಮಜೀವಿನಾಶದ ಉದಾಹರಣೆಗಳೆಂದು ಎಣಿಸಿದ ಬರಹಗಳನ್ನು ನಾವು ಓದಿದ್ದೇವೆ. ಅಡುಗೆಮನೆಯ ಭಾಷೆ ಮಾಡಿದ ಭೇದವನ್ನು ವಿದ್ವಾಂಸರ ಭಾಷೆ ಅಳಿಸಿಹಾಕುವುದು ವಿಚಿತ್ರವೇ ಸರಿ.

ಹಳಸು ಎಂಬುದರ ಹಳಗನ್ನಡ ರೂಪ ಪೞಸು. ಪೞ, ಹಳೆಯ ಎಂಬ ಮಾತುಗಳ ಬಳಗಕ್ಕೆ ಸೇರಿದ್ದು. ಎಂದರೆ ಆಹಾರ ಕೆಡುವುದನ್ನು ನಮ್ಮ ನುಡಿ ಕಾಲದ ಕೆಲಸವೆಂದು ಗ್ರಹಿಸಿತು. ತಂಗಳು ಎಂಬುದನ್ನು ತಣ್ + ಕೂೞ್ ಎಂದು ಬಿಡಿಸಿದರೆ ಆರಿದ ಅನ್ನವೆಂದಾಗುತ್ತದೆ. ತಂಗು ಧಾತುವಿಗೆ ಒಯ್ದರೆ ರಾತ್ರಿ ಉಳಿದ ಅನ್ನವೆಂದಾಗುತ್ತದೆ. ಎರಡನೆಯ ಅರ್ಥಕ್ಕೆ ಸಂಸ್ಕೃತದ 'ಪರ್ಯುಷಿತ' ಸಮಾನಾಂತರವಾಗಿ ನಿಲ್ಲುತ್ತದೆ; ಅಲ್ಲಿಯೂ ಇರುವುದು ವಾಸಿಸು, ಉಳಿದುಕೊಳ್ಳು ಎಂಬ ಅರ್ಥದ ಧಾತುವೇ. ಧರ್ಮಶಾಸ್ತ್ರ ಈ ಶಬ್ದವನ್ನೇ ಹಿಡಿದು ಸಾಗುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ರಾತ್ರಿ ಉಳಿದ ಆಹಾರದ ಪ್ರಸ್ತಾಪ ಬರುವಾಗ ಜಿಡ್ಡು ಸೇರಿದ ಭಕ್ಷ್ಯಗಳಿಗೂ, ಗೋದಿ ಜವೆಗಳ ತಿನಿಸುಗಳಿಗೂ, ಹಾಲಿನಿಂದಾದ ಪದಾರ್ಥಗಳಿಗೂ ವಿನಾಯಿತಿ ಇದೆ. ಹಾಗೆಯೇ ಹುಳಿತದ್ದು ವರ್ಜ್ಯ. ಆದರೆ ಮೊಸರು, ಮೊಸರಿನಿಂದಾದದ್ದು, ಒಳ್ಳೆಯ ಹೂವು ಬೇರು ಹಣ್ಣುಗಳನ್ನು ನೆನೆಯಿಸಿ ಹುಳಿಯಾಗಿಸಿದ್ದು ವರ್ಜ್ಯವಲ್ಲ. ತಾನಾಗಿ ಹುಳಿತದ್ದಕ್ಕೂ ನಾವು ಹುಳಿಯಾಗಿಸಿದ್ದಕ್ಕೂ ನಡುವೆ ಎಳೆದ ಈ ಗೆರೆ, ಆಹಾರರಕ್ಷಣೆಯ ಇತಿಹಾಸ ಬರೆಯುವವರು ಮೊದಲು ಗಮನಿಸಬೇಕಾದದ್ದು. ಅಲ್ಲಿ ಸಂಬಾರದ ಮಾತೇ ಇಲ್ಲ. ನೀರಿನ ಅಂಶ ಕಡಮೆಯಾದದ್ದು, ಜಿಡ್ಡಿನಲ್ಲಿ ಬೆಂದದ್ದು, ಹುಳಿಯಾದದ್ದು ಉಳಿಯುತ್ತದೆಂಬ ಅನುಭವವಷ್ಟೇ ವಿಧಿಯ ರೂಪ ತಾಳಿದೆ.

ಇನ್ನು ಪಾಕಗ್ರಂಥಗಳಿಗೆ ಬರೋಣ. 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನೂ ಬೆರಸುವ ವಿಧಾನವಿದೆ. ಇಡ್ಡಲಿಗೆಯ ಚರಿತ್ರೆಯಲ್ಲಿ ಇದು ಪ್ರಸಿದ್ಧವಾದ ಭಾಗ. 'ವಡ್ಡಾರಾಧನೆ'ಯಲ್ಲಿ ಬರಿಯ ಹೆಸರಾಗಿ ಬರುವ ತಿನಿಸಿಗೆ ಇಲ್ಲಿ ಪಾಕಕ್ರಮ ದೊರೆಯುತ್ತದೆ. (ಇಲ್ಲಿನ ಮೆಣಸು ಕರಿಯ ಮೆಣಸೆಂಬುದನ್ನು ಹೇಳಬೇಕಾದದ್ದಿಲ್ಲ, ಆದರೂ ಹೊರನಾಡಿನ ತರಗತಿಗಳಲ್ಲಿ ಇದನ್ನು ಮೆಣಸಿನಕಾಯಿಯೆಂದು ಅನುವಾದಿಸಿದ್ದುಂಟು. ಮೆಣಸಿನಕಾಯಿ ಪೋರ್ಚುಗೀಸರ ಹಿಂದೆ ಬಂದದ್ದು, ಹದಿನಾರನೆಯ ಶತಮಾನಕ್ಕೆ ಮೊದಲಿನದಲ್ಲ.) ಈ ನಾಲ್ಕು ಸಂಬಾರಗಳನ್ನು ಹಿಟ್ಟು ಕೆಡದಿರಲೆಂದು ಸೇರಿಸಲಾಗಿದೆಯೆಂದು ಕೆಲವರು ಅರ್ಥೈಸಿದ್ದಾರೆ. ಚಾವುಂಡರಾಯ ಇಲ್ಲಿ ಉದ್ದೇಶವನ್ನು ಹೇಳಿಲ್ಲ. ವಿಜ್ಞಾನದ ಕಡೆಯಿಂದ ನೋಡಿದರೂ ಆ ಅರ್ಥ ನಿಲ್ಲುವುದಿಲ್ಲ. ಇಡ್ಲಿಯ ಹಿಟ್ಟನ್ನು ಉಬ್ಬಿಸಿ ಹುಳಿಯಾಗಿಸುವಲ್ಲಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾತ್ರವನ್ನು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಿಟ್ಟನ್ನು ಕಾಯುವುದು ಹುಳಿ, ಆ ಹುಳಿಯನ್ನು ಮಾಡುವುದು ಸೂಕ್ಷ್ಮಜೀವಿಯೇ. ಚಾವುಂಡರಾಯನ ಪಾಕದಲ್ಲಿ ರಕ್ಷಕದ್ರವ್ಯ ಯಾವುದೆಂದು ಕೇಳಿದರೆ ಮಜ್ಜಿಗೆ ಮತ್ತು ಮೊಸರಿನ ತಿಳಿ ಎಂದು ಹೇಳಬೇಕಾದೀತೇ ಹೊರತು ಮೆಣಸೆಂದಲ್ಲ.

'ಮಾನಸೋಲ್ಲಾಸ'ದಲ್ಲಿ ಇಂಗಿನ ನೀರಿನ ಬಳಕೆ ಮೇಲಿಂದ ಮೇಲೆ ಬರುತ್ತದೆ. ಮಂಗರಸನಿಗೆ ಬದನೆ, ಬಾಳೆ, ಹಲಸುಗಳ ಪಾಕವೈವಿಧ್ಯದಲ್ಲಿ ಅಪಾರ ಉತ್ಸಾಹ. ಇವರಿಬ್ಬರ ಲಕ್ಷ್ಯ ರುಚಿ, ಕಂಪು, ಬಣ್ಣಗಳ ಮೇಲೆ. ಅರಸನ ಇಲ್ಲವೆ ಸಿರಿವಂತನ ಪಂಕ್ತಿಯಲ್ಲಿ ಬಡಿಸಿ ಮುಗಿಯುವ ಅಡುಗೆಯ ಮೇಲೆ. ನಾಳೆಗೆ ಉಳಿಸುವ ಚಿಂತೆ ಆ ಪಂಕ್ತಿಯದಲ್ಲ. ಅರಮನೆಯಲ್ಲಿ ಆಹಾರದ ಸುರಕ್ಷೆ ಎಂದರೆ ಮುಖ್ಯವಾಗಿ ವಿಷಪ್ರಯೋಗದಿಂದ ರಕ್ಷಣೆ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯವೂ ಕೌಟಿಲ್ಯನ ಅರ್ಥಶಾಸ್ತ್ರವೂ ವಿಷ ಬೆರೆತ ಅನ್ನವನ್ನು ಬೆಂಕಿಗೆ ಹಾಕಿದಾಗಿನ ಚಿಹ್ನೆಗಳಿಂದಲೂ ಪಕ್ಷಿಗಳ ವರ್ತನೆಯಿಂದಲೂ ಗುರುತಿಸುವುದನ್ನು ಹೇಳುತ್ತವೆ. ಆ ಪರಂಪರೆಯ ಭಯ ಮನುಷ್ಯನನ್ನು ಕುರಿತದ್ದು.

ಇದಕ್ಕೆ ವ್ಯತಿರಿಕ್ತವಾಗಿ, ಗಿಡಮರಗಳ ಚಿಕಿತ್ಸೆಯ ಗ್ರಂಥಗಳಲ್ಲಿ ಉದ್ದೇಶ ಸ್ಪಷ್ಟವಾಗಿ ಉಕ್ತವಾಗಿದೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯ ಆಧಾರದಿಂದ 1996ರಲ್ಲಿ ಸಿಕಂದರಾಬಾದಿನಲ್ಲೇ ಪ್ರಕಟವಾದ ಸುರಪಾಲನ 'ವೃಕ್ಷಾಯುರ್ವೇದ'ದಲ್ಲಿ ಬಿಳಿ ಸಾಸಿವೆ, ವಾಯುವಿಳಂಗ, ಇಂಗು, ಬಜೆ ಮುಂತಾದವುಗಳ ಹೊಗೆಯನ್ನು ಗಿಡಕ್ಕೆ ಹಿಡಿಯಬೇಕೆಂಬ ವಿಧಿಯಿದೆ. ಹುಳುಗಳ ನಾಶಕ್ಕಾಗಿ ಎಂದು ಕಾರಣವನ್ನೂ ಹೇಳಿದೆ. ಅದೇ ಸಾಸಿವೆ, ಅದೇ ಇಂಗು. ತೋಟದಲ್ಲಿ ಹೇಳುವ ಕಾರಣವನ್ನು ಅಡುಗೆಮನೆಯಲ್ಲಿ ಹೇಳುವುದಿಲ್ಲ. ಈ ಮೌನವನ್ನು ನಾವು ನಮ್ಮ ಇಚ್ಛೆಯಂತೆ ತುಂಬಿಕೊಳ್ಳುವುದು ಯುಕ್ತವಲ್ಲ.

ಹಾಗಾದರೆ ಸಸ್ಯದ್ರವ್ಯವನ್ನು ಸೇರಿಸಿ ಸೇವ್ಯವಸ್ತುವನ್ನು ನಿರ್ಜೀವವಾಗಿಸುವ, ಕಾಲಮಿತಿಯನ್ನೂ ಗೊತ್ತುಪಡಿಸುವ ವಿಧಿ ಮಧ್ಯಕಾಲದಲ್ಲಿ ಎಲ್ಲಿಯೂ ಇಲ್ಲವೇ? ಇದೆ. ಅದು ಪಾಕಶಾಸ್ತ್ರದಲ್ಲಿಲ್ಲ, ಜೈನ ಶ್ರಾವಕಾಚಾರದಲ್ಲಿದೆ. ದಿಗಂಬರ ಸಂಪ್ರದಾಯದಲ್ಲಿ ಬಟ್ಟೆಯಲ್ಲಿ ಸೋಸಿದ ನೀರು ಒಂದು ಮುಹೂರ್ತ, ಎಂದರೆ 48 ನಿಮಿಷ, ಬಳಕೆಗೆ ಯೋಗ್ಯ. ಸೋಸಿದ ನೀರಿಗೆ ಲವಂಗ, ಏಲಕ್ಕಿ, ಅಳಲೆಕಾಯಿಗಳಂಥ ದ್ರವ್ಯದ ಪುಡಿಯನ್ನು ಬೆರಸಿ ಅದರ ಬಣ್ಣ ರುಚಿಗಳು ಬದಲಾದರೆ ಅದು ಪ್ರಾಸುಕ. ಎರಡು ಪ್ರಹರ, ಎಂದರೆ ಆರು ಗಂಟೆ ಸಲ್ಲುತ್ತದೆ. ಚೆನ್ನಾಗಿ ಕಾಯಿಸಿದ ನೀರು ಒಂದು ಅಹೋರಾತ್ರಿ. ಅವಧಿ ಮುಗಿದ ಮೇಲೆ ಅದರಲ್ಲಿ ಮತ್ತೆ ಜೀವೋತ್ಪತ್ತಿ ಆಗುತ್ತದೆಂಬುದು ನಂಬಿಕೆ. ಹಿಟ್ಟಿಗೂ ಋತುವನ್ನನುಸರಿಸಿ ಅವಧಿಯುಂಟು: ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ರಸ ಬದಲಾದ ಆಹಾರ, ಅಂದರೆ 'ಚಲಿತರಸ', ಅಭಕ್ಷ್ಯ. 'ಸಂಧಾನ' ಎಂಬ ಹೆಸರಿನ ಉಪ್ಪಿನಕಾಯಿಯೂ ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿ ಸೇರಿದೆ. ಮಂಗರಸನಂಥ ಜೈನಕವಿಯ ಪಾಕಗ್ರಂಥವನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಲವಂಗದಲ್ಲಿರುವ ಯೂಜಿನಾಲ್ ಪ್ರಬಲ ಸೂಕ್ಷ್ಮಜೀವಿರೋಧಕವೆಂಬುದನ್ನು ಬಲ್ಲ ಇಂದಿನ ಓದುಗನಿಗೆ ಈ ವಿಧಿ ರೋಮಾಂಚನವನ್ನುಂಟುಮಾಡುವುದು ಸಹಜ. ಆದರೂ ಇಲ್ಲಿ ಎರಡು ಮಾತು ಅವಶ್ಯ. ಮೊದಲನೆಯದಾಗಿ, ಈ ವಿಧಿಯ ಹಿಂದಿರುವುದು ಕುಡಿಯುವವನ ಆರೋಗ್ಯವಲ್ಲ, ಅಹಿಂಸೆ. ಜೀವಿಗಳಿಂದ ಮನುಷ್ಯನನ್ನು ಕಾಪಾಡುವುದಕ್ಕಿಂತ ಮನುಷ್ಯನಿಂದ ಜೀವಿಗಳನ್ನು ಕಾಪಾಡುವುದು ಅದರ ಕಾಳಜಿ. ಜೈನರ ಸೂಕ್ಷ್ಮಜೀವತತ್ತ್ವವನ್ನು ಬ್ಯಾಕ್ಟೀರಿಯಾಕ್ಕೆ ಪರ್ಯಾಯವಾಗಿ ಓದುವುದು ಆ ದರ್ಶನಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಎರಡನೆಯದಾಗಿ, ಚಿಟಿಕೆ ಲವಂಗದ ಪುಡಿಯಿಂದ ಕಲುಷಿತ ನೀರು ರೋಗರಹಿತವಾಗುತ್ತದೆಂದು ಹೇಳುವುದಕ್ಕೆ ಆಧಾರವಿಲ್ಲ. ಕಾಯಿಸಿದ ನೀರಿಗೆ ಅದರ ನಾಲ್ಕು ಪಟ್ಟು ಅವಧಿಯನ್ನು ಕೊಟ್ಟ ಆಚಾರ್ಯರಿಗೆ ಯಾವುದು ಹೆಚ್ಚು ಗಟ್ಟಿಯೆಂಬುದು ಗೊತ್ತಿತ್ತು. ಇಷ್ಟನ್ನು ಒಪ್ಪಿಕೊಂಡ ಮೇಲೂ ಈ ವಿಧಿಯ ಮಹತ್ತ್ವ ಕುಂದುವುದಿಲ್ಲ. ದ್ರವ್ಯ, ಕ್ರಿಯೆ, ಉದ್ದೇಶ, ಅವಧಿ ಈ ನಾಲ್ಕೂ ಒಂದೇ ಕಡೆ ಉಕ್ತವಾಗಿರುವ ನಿದರ್ಶನ ನಮಗೆ ಬೇರೆಲ್ಲಿಯೂ ಇಷ್ಟು ನಿಚ್ಚಳವಾಗಿ ದೊರೆತಿಲ್ಲ.

ಪ್ರಯೋಗಾಲಯದ ಕಥೆ ಆರಂಭವಾಗುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಪಾಶ್ಚರನ ಸಹೋದ್ಯೋಗಿ ಶಾಂಬರ್ಲಾಂ 1887ರಲ್ಲಿ ಸಸ್ಯಗಳ ಸುಗಂಧತೈಲಗಳ ನಂಜುನಿರೋಧಕ ಗುಣವನ್ನು ಕುರಿತು ಬರೆದನು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅಮೆರಿಕದಲ್ಲಿ ಹಾಫ್‌ಮನ್ ಮತ್ತು ಆಲಿಸ್ ಇವಾನ್ಸ್ 1911ರಲ್ಲಿ ಪ್ರಕಟಿಸಿದ, ಸಂಬಾರಗಳನ್ನು ರಕ್ಷಕದ್ರವ್ಯಗಳಾಗಿ ಪರೀಕ್ಷಿಸಿದ ಲೇಖನ. ದಾಲ್ಚಿನ್ನಿ, ಲವಂಗ, ಸಾಸಿವೆ ಇವು ಕೆಡುವುದನ್ನು ತಡೆಯುತ್ತವೆಂದೂ, ಕರಿಮೆಣಸು, ಶುಂಠಿ, ಮೆಣಸಿನಕಾಯಿಗಳು ತಡೆಯುವುದಿಲ್ಲವೆಂದೂ ಅವರು ಕಂಡುಕೊಂಡರು. ಮುಂದೆ ಹಸುವಿನ ಹಸಿಹಾಲಿನಿಂದ ಹರಡುವ ಜ್ವರದ ಸಂಶೋಧನೆಗಾಗಿ ಈ ಇವಾನ್ಸ್ ಹೆಸರಾದರು.

ಈ ಪಟ್ಟಿಯನ್ನು ಕನ್ನಡದ ಎರಡು ಮಾತುಗಳ ಪಕ್ಕದಲ್ಲಿಟ್ಟು ನೋಡಬಹುದು. ನಾವು ಖಾರ ಎನ್ನುವುದು ನಾಲಗೆಗೆ. ಘಾಟು ಎನ್ನುವುದು ಮೂಗಿಗೆ. ಮೆಣಸಿನ ಪೈಪರೀನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸುಲಭವಾಗಿ ಆವಿಯಾಗದವು, ನಾಲಗೆಯನ್ನು ಉರಿಸುತ್ತವೆ. ಸಾಸಿವೆಯ ಅಲೈಲ್ ಐಸೋಥಯೋಸಯನೇಟ್, ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಓಮದ ಥೈಮಾಲ್ ಬಾಷ್ಪಶೀಲವಾದವು, ಮೂಗಿಗೆ ಏರುತ್ತವೆ. 1911ರ ಪಟ್ಟಿಯಲ್ಲಿ ಗೆದ್ದವು ಮೂಗಿಗೆ ಏರುವವು, ಸೋತವು ನಾಲಗೆಯನ್ನು ಉರಿಸುವವು. ಈ ಹೊಂದಾಣಿಕೆಯನ್ನು ನಿಯಮವಾಗಿ ಹಿಗ್ಗಿಸಲಾಗದು. ಒಣಮೆಣಸಿನಕಾಯಿಯನ್ನು ಹುರಿದಾಗಲೂ ಘಾಟೇಳುತ್ತದೆಂಬುದು ಎಲ್ಲರ ಅನುಭವ. ಆದರೂ ಖಾರವಾದದ್ದೆಲ್ಲ ಕೆಡದಂತೆ ಕಾಯುತ್ತದೆಂಬ ಜನಪ್ರಿಯ ನಂಬಿಕೆಗೆ ಇದು ಸಾಕಷ್ಟು ಉತ್ತರ.

ಇವುಗಳಲ್ಲಿ ಸಾಸಿವೆಯ ವಿಷಯ ವಿಶೇಷವಾದದ್ದು. ಇಡೀ ಸಾಸಿವೆಯಲ್ಲಿ ಘಾಟಿಲ್ಲ. ಅದರಲ್ಲಿ ಸಿನಿಗ್ರಿನ್ ಎಂಬ ಪದಾರ್ಥವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಶಗಳಲ್ಲಿ ಅಡಗಿರುತ್ತವೆ. ಕಾಳನ್ನು ಒಡೆದು ನೀರು ತಗುಲಿಸಿದಾಗ ಮಾತ್ರ ಅವೆರಡೂ ಕೂಡಿ ಘಾಟಿನ ಎಣ್ಣೆ ಹುಟ್ಟುತ್ತದೆ. ಕಾದ ಎಣ್ಣೆಗೆ ಹಾಕಿದರೆ ಕಿಣ್ವ ನಾಶವಾಗಿ ಕಾಳು ಸಿಡಿದು ಹಿತವಾದ ಕಂಪಷ್ಟೇ ಉಳಿಯುತ್ತದೆ. ಆದುದರಿಂದ ಒಗ್ಗರಣೆಯ ಸಾಸಿವೆಯೂ ಅರೆದ ಹಸಿ ಸಾಸಿವೆಯೂ ಹೆಸರಿಗೆ ಒಂದೇ ಹೊರತು ಗುಣದಲ್ಲಿ ಎರಡು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಗೆ ಸಾಸಿವೆಯನ್ನು ಅರೆಯುವಾಗ ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿದ ಮೇಲೆಯೇ ಬಳಸುತ್ತಾರೆ. ಕುದಿಸುವುದರಿಂದ ನೀರಿನ ದೋಷ ಹೋಗುತ್ತದೆ. ಆರಿಸುವುದರಿಂದ ಕಿಣ್ವ ಉಳಿಯುತ್ತದೆ. ಬಿಸಿನೀರಿನಲ್ಲಿ ಅರೆದರೆ ಘಾಟು ಬರುವುದಿಲ್ಲವೆಂಬುದನ್ನು ಹೇಳಲು ಅಡುಗೆಯವರಿಗೆ ರಸಾಯನಶಾಸ್ತ್ರ ಬೇಕಿರಲಿಲ್ಲ.

ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅಘನಾಶಿನಿ, ಶರಾವತಿ ಮೊದಲಾದ ನದಿಗಳ ದಂಡೆಯಲ್ಲಿ ಬೆಳೆಯುವ ಅಪ್ಪೆಮಿಡಿಯ ಸಂಸ್ಕರಣವನ್ನು ಇಲ್ಲಿ ಉದಾಹರಿಸಬಹುದು. ಮಿಡಿಯನ್ನು ತೊಟ್ಟಿನೊಂದಿಗೇ ಕೊಯ್ಯುತ್ತಾರೆ. ಕೆಳಗೆ ಬಿದ್ದು ಗಾಯಗೊಂಡದ್ದನ್ನು ಸೇರಿಸುವುದಿಲ್ಲ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಸೊನೆಯಲ್ಲೇ ಅದರ ಕಂಪು. ಹರಳುಪ್ಪಿನಲ್ಲಿ ಪದರಪದರವಾಗಿ ಹಾಕಿಟ್ಟರೆ ಮಿಡಿ ನೀರು ಬಿಟ್ಟು ಕೆಲವು ವಾರಗಳಲ್ಲಿ ಮುರುಟುತ್ತದೆ. ಆಮೇಲಷ್ಟೇ ಸಾಸಿವೆ, ಮೆಣಸಿನಕಾಯಿ, ಅರಿಸಿನಗಳನ್ನು ಅರೆದು ಕೂಡಿಸುವುದು. ತೇವದ ಕೈ ತಾಗಬಾರದು, ಭರಣಿಯ ಬಾಯಿಗೆ ಬಟ್ಟೆ ಕಟ್ಟಬೇಕು. ಇದರಲ್ಲಿ ಮಿಡಿಯ ಹುಳಿ, ಉಪ್ಪು, ಉಪ್ಪು ಹೀರಿಕೊಂಡ ನೀರು, ಸಾಸಿವೆಯ ಘಾಟು, ಸೊನೆ, ಗಾಳಿಯಾಡದ ಭರಣಿ ಎಲ್ಲವೂ ಒಂದೊಂದು ಅಡ್ಡಗೋಡೆ. ಒಂದನ್ನು ದಾಟಿದ ಸೂಕ್ಷ್ಮಜೀವಿ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಇಂಥ ತಡೆಗಳ ಸಾಲನ್ನೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಲೋಥಾರ್ ಲೈಸ್ಟ್ನರ್ ಆಹಾರ ಸಂರಕ್ಷಣೆಯ ತತ್ತ್ವವಾಗಿ ನಿರೂಪಿಸಿದರು. ಈ ಸಾಲಿನಲ್ಲಿ ಸಂಬಾರ ಒಂದು ತಡೆ ಮಾತ್ರ, ಮೊದಲನೆಯದೂ ಅಲ್ಲ. ನಮ್ಮ ನುಡಿ ಅದನ್ನು ಸಾಸಿವೆಕಾಯಿಯೆಂದಾಗಲಿ ಖಾರದ ಕಾಯಿಯೆಂದಾಗಲಿ ಕರೆಯದೆ ಉಪ್ಪಿನಕಾಯಿಯೆಂದೇ ಕರೆಯಿತು.

ಕೊಳ್ಳೇಗಾಲದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ತೈಲರಸಾಯನಜ್ಞರಾಗಿ ದುಡಿದು, ಭಾರತೀಯ ಆಹಾರದ ಚರಿತ್ರೆಯನ್ನು 1994ರಲ್ಲಿ ಹೊರತಂದ ಕೆ.ಟಿ. ಅಚ್ಚಯ್ಯನವರು, ಗುರುಲಿಂಗದೇಶಿಕನ 'ಲಿಂಗಪುರಾಣ'ದಲ್ಲಿ (1594) ಐವತ್ತು ಬಗೆಯ ಉಪ್ಪಿನಕಾಯಿಗಳ ಉಲ್ಲೇಖವಿರುವುದನ್ನು 'ಇಂಡಿಯನ್ ಫುಡ್' ಗ್ರಂಥದ ಮೂಲಕ ಅಖಿಲಭಾರತದ ಗಮನಕ್ಕೆ ತಂದರು. ಅಲ್ಲಿಂದೀಚೆಗೆ ಈ ಸಂಖ್ಯೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಪಯಣಿಸುತ್ತಲೇ ಇದೆ. ಮೂಲವನ್ನು ತೆರೆದು ಆ ಐವತ್ತರಲ್ಲಿ ಉಪ್ಪಿನಲ್ಲಿಟ್ಟವು ಯಾವುವು, ಹುಳಿಯಲ್ಲಿಟ್ಟವು ಯಾವುವು, ಸಾಸಿವೆ ಸೇರಿದವು ಯಾವುವು ಎಂದು ವರ್ಗೀಕರಿಸುವ ಕೆಲಸ ಕನ್ನಡ ಬಲ್ಲವರದು. ಅಚ್ಚಯ್ಯನವರು ರಸಾಯನಜ್ಞರಾಗಿ ತಮ್ಮ ಪಾಲಿನದನ್ನು ಮಾಡಿದ್ದಾರೆ.

ಸಸ್ಯದ್ರವ್ಯಗಳ ಮೇಲಣ ಅತಿಯಾದ ನಂಬಿಕೆಯಿಂದ ಏನಾಗುತ್ತದೆಂಬುದಕ್ಕೆ ಬೆಳ್ಳುಳ್ಳಿಯೇ ನಿದರ್ಶನ. ಅದರ ಆಲಿಸಿನ್ ಎಂಬ ಪದಾರ್ಥವನ್ನು ಕ್ಯಾವಲಿಟೊ ಮತ್ತು ಬೇಲಿ 1944ರಲ್ಲಿ ಬೇರ್ಪಡಿಸಿ ಅದರ ಬ್ಯಾಕ್ಟೀರಿಯಾನಾಶಕ ಶಕ್ತಿಯನ್ನು ತೋರಿಸಿದರು. ಆದರೆ 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದ ಕತ್ತರಿಸಿದ ಬೆಳ್ಳುಳ್ಳಿಯನ್ನು ತಿಂದ 36 ಮಂದಿ ಬಾಟ್ಯುಲಿಸಮ್ ಎಂಬ ಮಾರಕ ವಿಷಬಾಧೆಗೆ ಗುರಿಯಾದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಮೂವರು. ಎಣ್ಣೆ ಗಾಳಿಯನ್ನು ತಡೆದು, ಗಾಳಿಯಿಲ್ಲದೆಡೆ ಬೆಳೆಯುವ ಆ ರೋಗಾಣುವಿಗೆ ಅನುಕೂಲವನ್ನೇ ಮಾಡಿಕೊಟ್ಟಿತ್ತು. ಬಳಿಕ ಅಮೆರಿಕದ ಆಹಾರ ನಿಯಂತ್ರಕರು ಇಂಥ ಸರಕಿಗೆ ಆಮ್ಲವನ್ನು ಸೇರಿಸಲೇಬೇಕೆಂದು ವಿಧಿಸಿದರು. ನಮ್ಮ ಉಪ್ಪಿನಕಾಯಿಯ ಮೇಲೆ ನಿಲ್ಲಿಸುವ ಎಣ್ಣೆ ಅಪಾಯಕಾರಿಯಲ್ಲದಿರುವುದು ಅದರ ಕೆಳಗೆ ಉಪ್ಪು ಮತ್ತು ಹುಳಿ ಇರುವುದರಿಂದ. ಉಪ್ಪು ಕಡಮೆ, ಹುಳಿ ಕಡಮೆ, ಸಂಬಾರ ಹೆಚ್ಚು ಎಂಬ ಈಚಿನ ಅಭಿರುಚಿಗೆ ತಕ್ಕಂತೆ ಹಳೆಯ ಪಾಕವನ್ನು ಬದಲಿಸಿ, ಸಂಬಾರವೇ ಕಾಯುತ್ತದೆಂದು ಭಾವಿಸುವುದು ಎಷ್ಟು ಅಪಾಯವೆಂಬುದು ಇದರಿಂದ ತಿಳಿಯುತ್ತದೆ. ಮೆಣಸಿನ ಕಥೆ ಇನ್ನೂ ವ್ಯಂಗ್ಯವಾದದ್ದು. 2009-10ರಲ್ಲಿ ಅಮೆರಿಕದಲ್ಲಿ 272 ಮಂದಿಗೆ ತಗುಲಿದ ಸಾಲ್ಮೊನೆಲ್ಲಾ ಸೋಂಕಿನ ಮೂಲವನ್ನು ಹುಡುಕಿದಾಗ, ಸಂಸ್ಕರಿಸಿದ ಮಾಂಸದ ಮೇಲೆ ಸವರಿದ್ದ ಮೆಣಸಿನ ಮತ್ತು ಮೆಣಸಿನಕಾಯಿಯ ಪುಡಿಗಳಲ್ಲೇ ಅದು ಪತ್ತೆಯಾಯಿತು. ರೋಗಾಣುವನ್ನು ಕೊಲ್ಲುವುದಿರಲಿ, ಸಂಬಾರವೇ ಅದನ್ನು ಹೊತ್ತು ತಂದಿತ್ತು.

ಬಿಸಿಲ ನಾಡುಗಳಲ್ಲಿ ಸಂಬಾರ ಹೆಚ್ಚಾಗಿರುವುದು ಆಹಾರಜನ್ಯ ರೋಗಗಳ ವಿರುದ್ಧ ಬೆಳೆದ ಹೊಂದಾಣಿಕೆ ಎಂಬ ವಾದವನ್ನು ಬಿಲ್ಲಿಂಗ್ ಮತ್ತು ಶರ್ಮನ್ 1998ರಲ್ಲಿ ಮಂಡಿಸಿದರು. 36 ದೇಶಗಳ 4,578 ಮಾಂಸದಡುಗೆಗಳ ಪಾಕವಿಧಾನಗಳನ್ನು ಅವರು ಎಣಿಸಿದ್ದರು. ನಮ್ಮಲ್ಲಿ ಈ ಲೇಖನವನ್ನು ಉದ್ಧರಿಸುವವರು ಬಹಳ. 2021ರಲ್ಲಿ ಬ್ರೋಮಮ್ ಮತ್ತು ಸಂಗಡಿಗರು 70 ಪಾಕಪದ್ಧತಿಗಳ 33,750 ಪಾಕವಿಧಾನಗಳನ್ನು ಪರಿಶೀಲಿಸಿ, ಆ ವಾದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದುದನ್ನು ಉದ್ಧರಿಸುವವರು ವಿರಳ. ಪಾಕವಿಧಾನಗಳನ್ನು ಎಷ್ಟು ಎಣಿಸಿದರೂ ಅಡುಗೆ ಮಾಡಿದವರ ಉದ್ದೇಶ ಸಂಖ್ಯೆಯಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ಬೇಕಾದದ್ದು ಅವರ ಮಾತು.

ಹಳೆಯ ಗ್ರಂಥದ ಮಾತಿಗೆ ನ್ಯಾಯಾಸ್ಥಾನದಲ್ಲಿಯೂ ಬೆಲೆಯುಂಟೆಂಬುದನ್ನು 1990ರ ದಶಕ ತೋರಿಸಿತು. ಅರಿಸಿನದಿಂದ ಗಾಯ ಮಾಯಿಸುವ ಕ್ರಮಕ್ಕೆ ಅಮೆರಿಕದಲ್ಲಿ 1995ರ ಮಾರ್ಚಿಯಲ್ಲಿ ಪೇಟೆಂಟು ನೀಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿ ಹಳೆಯ ಲಿಖಿತ ಆಧಾರಗಳನ್ನು ಮುಂದಿಟ್ಟು ಪ್ರಶ್ನಿಸಿದ ಫಲವಾಗಿ 1997ರಲ್ಲಿ ಅದು ರದ್ದಾಯಿತು. ಬೇವಿನೆಣ್ಣೆಯಿಂದ ಶಿಲೀಂಧ್ರವನ್ನು ತಡೆಯುವ ಕ್ರಮಕ್ಕೆ ದೊರೆತಿದ್ದ ಯುರೋಪಿನ ಪೇಟೆಂಟು 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅಲ್ಲಿ ಗಣನೆಗೆ ಬಂದದ್ದು ಬೇವಿನ ಮಹಿಮೆಯ ಸ್ತುತಿಯಲ್ಲ. ಇಂಥ ಎಣ್ಣೆಯನ್ನು ಇಂಥ ಉದ್ದೇಶಕ್ಕೆ ಭಾರತದಲ್ಲಿ ಮೊದಲೇ ಬಳಸಲಾಗಿತ್ತೆಂಬ ಖಚಿತವಾದ ಸಾಕ್ಷ್ಯ. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಯೋಗಗಳನ್ನು ಅಳವಡಿಸಿಕೊಂಡ ಪಾರಂಪರಿಕ ಜ್ಞಾನದ ಅಂಕೀಯ ಭಂಡಾರ ಹುಟ್ಟಿದ್ದು ಈ ಅನುಭವಗಳಿಂದ. 'ಮೆಣಸು ಹಾಕಿದರು, ಆದ್ದರಿಂದ ಸೂಕ್ಷ್ಮಜೀವಿಯನ್ನು ಬಲ್ಲರು' ಎಂಬ ರೀತಿಯ ತರ್ಕ ಅಂಥ ಕಡೆ ಒಂದು ಗಳಿಗೆಯೂ ನಿಲ್ಲದು. ಲವಂಗದ ಪುಡಿ, ಸೋಸಿದ ನೀರು, ಎರಡು ಪ್ರಹರ ಎಂದು ಹೇಳುವ ವಿಧಿ ನಿಂತೀತು.

ಇಂಥ ಖಚಿತವಾದ ಹೇಳಿಕೆಗಳನ್ನು ಹುಡುಕಬೇಕಾದ ಸ್ಥಳಗಳು ಪಾಕಗ್ರಂಥಗಳಿಗಿಂತ ಹೆಚ್ಚಾಗಿ ಬೇರೆಡೆ ಇವೆ. ಶ್ರಾವಕಾಚಾರದ ಕನ್ನಡ ಟೀಕೆಗಳು, ಗೋವೈದ್ಯದಂಥ ಪಶುಚಿಕಿತ್ಸಾಗ್ರಂಥಗಳು, ಮಠಮಂದಿರಗಳ ಉಗ್ರಾಣದ ಕಡತಗಳು ಈ ದೃಷ್ಟಿಯಿಂದ ಇನ್ನೂ ಪರಿಶೀಲನೆಗೆ ಒಳಗಾಗಬೇಕಾಗಿವೆ. ಇವುಗಳಿಗೆ ಮನೆಯ ಹೆಂಗಸರು ಇಟ್ಟುಕೊಂಡ ಪಾಕದ ಪುಸ್ತಕಗಳನ್ನೂ ಸೇರಿಸಬೇಕು. ಮುಂಬಯಿ, ಪುಣೆ, ಚೆನ್ನೈಗಳಿಗೆ ಎರಡು ಮೂರು ತಲೆಮಾರುಗಳ ಹಿಂದೆ ಬಂದು ನೆಲಸಿದ ಕನ್ನಡ ಕುಟುಂಬಗಳಲ್ಲಿ, ಊರಿನ ಮಿಡಿಯೂ ಊರಿನ ನೀರೂ ಇಲ್ಲದ ಕಡೆ ಉಪ್ಪಿನ ಅಳತೆಯನ್ನು ಹೇಗೆ ಬದಲಿಸಬೇಕೆಂದು ಬರೆದಿಟ್ಟುಕೊಂಡ ಪುಸ್ತಕಗಳು ಇರುವುದನ್ನು ನಾವು ಬಲ್ಲೆವು. ಅವುಗಳಲ್ಲಿ ಬೂಷ್ಟು ಬಂದರೆ ಏನು ಮಾಡಬೇಕು, ಎಷ್ಟು ದಿನ ಉಳಿಯುತ್ತದೆ, ಯಾವ ತಿಂಗಳಲ್ಲಿ ಹಾಕಬಾರದು ಎಂಬ ಟಿಪ್ಪಣಿಗಳಿರುತ್ತವೆ. ಹಸ್ತಪ್ರತಿ ಸೂಚಿಗಳಲ್ಲಿ ಇವುಗಳಿಗೆ ಈವರೆಗೆ ಸ್ಥಾನ ದೊರೆತಿಲ್ಲ. ಕಾಗದ ಮಾತ್ರ ವರ್ಷದಿಂದ ವರ್ಷಕ್ಕೆ ಎಣ್ಣೆ ಹೀರಿ ಹಳದಿಯಾಗುತ್ತಿದೆ.